ಆಕ್ಷೇಪಣೆ ಬರೆಯುವ ಮುನ್ನ ಡ್ರಮ್ಮಿನ ಚೀಟಿ ಓದಿ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತವು. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕವೊಂದನ್ನು ನಿರ್ಬಂಧಿಸಲು ಸರ್ಕಾರ ಹೊರಟಾಗ ಸಾರ್ವಜನಿಕರಿಂದ ಕೇಳುವ ಆಕ್ಷೇಪಣೆ ಮತ್ತು ಸಲಹೆಗಳಲ್ಲಿ ಏನು ಬರೆಯಬೇಕು, ಯಾರು ಬರೆಯಬೇಕು, ಬರೆದರೆ ಏನಾಗುತ್ತದೆ ಎಂದು ಓದುಗರು ಕೇಳಿದ್ದಾರೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದವರ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇರುವುದರಿಂದ ಓದುಗರು ಮನ್ನಿಸಬೇಕು.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಹದಿನೆಂಟು ವರ್ಷಗಳಿಂದ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಸ್ಟೇನ್‌ಲೆಸ್ ಸ್ಟೀಲ್ ಬಿಡಿಭಾಗಗಳ ಟ್ಯಾಪಿಂಗ್ (ತೂತಿನೊಳಗೆ ತಿರುಪಿನ ಗೆರೆ ಕೊರೆಯುವುದು) ಮತ್ತು ಬ್ರೋಚಿಂಗ್ (ಹಲ್ಲಿನ ಉಪಕರಣ ಎಳೆದು ಲೋಹ ಕೊರೆಯುವುದು) ಕೆಲಸಕ್ಕೆ ನೀರು ಬೆರೆಸದ ಕಟಿಂಗ್ ಆಯಿಲ್ ಬಳಸುತ್ತೇವೆ. ಅದರಲ್ಲಿರುವ ಕ್ಲೋರಿನೇಟೆಡ್ ಪ್ಯಾರಾಫಿನ್ ಮೇಲೆ ನಿರ್ಬಂಧ ಬರಬಹುದೆಂದು ಹೇಳಿ, ಸರ್ಕಾರದ ಕರಡು ಹೊರಬಿದ್ದ ಕೂಡಲೇ ಕಳುಹಿಸಲು ಒಂದು ವಿರೋಧ ಪತ್ರವನ್ನು ಅಚ್ಚು ಹಾಕಿಸಿ ನಮ್ಮ ವಲಯದ ಸಂಘದವರು ಸಹಿ ಕೇಳುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ. ಸಹಿ ಹಾಕಲೇ?

ಉತ್ತರ: ಸಹಿ ಹಾಕುವುದು, ಬಿಡುವುದು ತಮ್ಮ ಇಚ್ಛೆ. ಆದರೆ ಆ ಸಹಿಯಿಂದ ತಮ್ಮ ವರ್ಕ್‌ಶಾಪಿಗೆ ಚಿಕ್ಕಾಸಿನ ಪ್ರಯೋಜನವೂ ಆಗುವುದಿಲ್ಲ ಎಂಬುದನ್ನು ತಿಳಿದು ಹಾಕಿರಿ. ನಾನು ನೌಕರಿಯಲ್ಲಿದ್ದಾಗ ಇಂಥ ಅಚ್ಚಿನ ಪತ್ರಗಳ ಕಟ್ಟನ್ನೇ ನೋಡಿದ್ದೇನೆ. ಅವುಗಳಲ್ಲಿ ಕೆಲವದರಲ್ಲಿ ‘ಇಲ್ಲಿ ತಮ್ಮ ಸಂಸ್ಥೆಯ ಹೆಸರು ಬರೆಯಿರಿ’ ಎಂಬ ಸೂಚನೆಯೂ ಹಾಗೆಯೇ ಉಳಿದುಕೊಂಡಿರುತ್ತಿತ್ತು. ಆಕ್ಷೇಪಣೆಗಳನ್ನು ಮತಪತ್ರಗಳಂತೆ ಎಣಿಸುವುದಿಲ್ಲ. ಒಂದೇ ಮಾತು ನಾನೂರು ಪತ್ರಗಳಲ್ಲಿ ಬಂದರೆ ಕಡತದಲ್ಲಿ ಅದು ಒಂದೇ ಸಾಲಾಗುತ್ತದೆ. ಬೇರೆ ಯಾರೂ ಹೇಳದ ಒಂದು ವಿವರ ಒಂದೇ ಪತ್ರದಲ್ಲಿ ಬಂದರೂ ಅದಕ್ಕೆ ಪ್ರತ್ಯೇಕ ಸಾಲು ಸಿಗುತ್ತದೆ.

ಆ ವಿವರ ತಮ್ಮ ಡ್ರಮ್ಮಿನ ಮೇಲೆಯೇ ಇದೆ, ಅಥವಾ ಇರಬೇಕಾದಲ್ಲಿ ಇಲ್ಲ. ಕ್ಲೋರಿನೇಟೆಡ್ ಪ್ಯಾರಾಫಿನ್ ಎನ್ನುವುದು ಒಂದು ದೊಡ್ಡ ಕುಟುಂಬದ ಹೆಸರು. ಪೆಟ್ರೋಲಿಯಂನಿಂದ ಬೇರ್ಪಡಿಸಿದ ಪ್ಯಾರಾಫಿನ್‌ಗೆ ಕ್ಲೋರಿನ್ ಅನಿಲ ಹಾಯಿಸಿ ಇವುಗಳನ್ನು ತಯಾರಿಸುತ್ತಾರೆ. ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ ಸೋಡಾದ ಬೆನ್ನಿಗೇ ಕ್ಲೋರಿನ್ ಹುಟ್ಟುತ್ತದೆ; ಸೋಡಾಕ್ಕೆ ಇರುವಷ್ಟು ಗಿರಾಕಿ ನಮ್ಮಲ್ಲಿ ಕ್ಲೋರಿನ್‌ಗೆ ಇಲ್ಲ, ಬಯಲಿಗೆ ಬಿಡುವಂತೆಯೂ ಇಲ್ಲ. ಹಾಗೆ ಮಿಕ್ಕುವ ಕ್ಲೋರಿನ್ ಹೋಗಿ ಸೇರುವ ಜಾಗಗಳಲ್ಲಿ ಈ ಪ್ಯಾರಾಫಿನ್ ಒಂದು, ಮತ್ತು ಅದು ತಮಗೆ ಅಷ್ಟು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಈಗ ಮುಖ್ಯ ಮಾತು: ನಮ್ಮ ಮಾರುಕಟ್ಟೆ ಈ ವಸ್ತುವನ್ನು ಗುರುತಿಸುವುದು ಅದರಲ್ಲಿರುವ ಕ್ಲೋರಿನ್‌ನ ಶೇಕಡಾ ಪ್ರಮಾಣದಿಂದ. ಡ್ರಮ್ಮಿನ ಚೀಟಿಯ ಮೇಲೆ ‘ಸಿಪಿಡಬ್ಲ್ಯು 52’ (ಕ್ಲೋರಿನೇಟೆಡ್ ಪ್ಯಾರಾಫಿನ್ ವ್ಯಾಕ್ಸ್) ಎಂದಿದ್ದರೆ ತೂಕದಲ್ಲಿ ಶೇ. 52ರಷ್ಟು ಕ್ಲೋರಿನ್ ಇದೆ ಎಂದು ಅರ್ಥ. ಆದರೆ ಅಂತರರಾಷ್ಟ್ರೀಯ ನಿರ್ಬಂಧ ಮುಖ್ಯವಾಗಿ ನೋಡುವುದು ಇಂಗಾಲದ ಸರಪಳಿಯ ಉದ್ದವನ್ನು. 10ರಿಂದ 13 ಇಂಗಾಲದ ಪರಮಾಣುಗಳಿದ್ದರೆ ಗಿಡ್ಡ ಸರಪಳಿ, 14ರಿಂದ 17 ಇದ್ದರೆ ಮಧ್ಯಮ, 18 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉದ್ದ. ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಗಿಡ್ಡ ಸರಪಳಿಯದು 2017ರಲ್ಲಿಯೂ, ಮಧ್ಯಮ ಸರಪಳಿಯದು ಕೆಲವು ನಿರ್ದಿಷ್ಟ ವಿನಾಯಿತಿಗಳೊಡನೆ 2025ರ ಜಿನೀವಾ ಸಭೆಯಲ್ಲಿಯೂ ಸೇರಿದವು. ಉದ್ದ ಸರಪಳಿಯದು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಕ್ಲೋರಿನ್ ಪ್ರಮಾಣ ಒಂದೇ ಇರುವ ಎರಡು ಡ್ರಮ್ಮುಗಳಲ್ಲಿ ಒಂದು ನಿರ್ಬಂಧಕ್ಕೆ ಒಳಪಟ್ಟು ಇನ್ನೊಂದು ಹೊರಗುಳಿಯಬಹುದು. ಚೀಟಿ ನೋಡಿದವರಿಗೆ ಅದು ತಿಳಿಯುವುದಿಲ್ಲ. ತಾವು ವಿರೋಧಿಸಲು ಹೊರಟಿರುವ ನಿರ್ಬಂಧ ತಮ್ಮ ಎಣ್ಣೆಗೆ ಅನ್ವಯಿಸುತ್ತದೆಯೇ ಎಂಬುದೇ ತಮಗೆ ಗೊತ್ತಿಲ್ಲ. ಪತ್ರ ತಂದುಕೊಟ್ಟ ಸಂಘದವರಿಗೂ ಗೊತ್ತಿರಲಾರದು ಎಂಬುದು ನನ್ನ ಅನುಮಾನ.

ಆದ್ದರಿಂದ ಎಣ್ಣೆ ಪೂರೈಸುವವರಿಗೆ ಒಂದು ಪತ್ರ ಬರೆದು, ಇದರಲ್ಲಿರುವ ಪ್ಯಾರಾಫಿನ್‌ನ ಸರಪಳಿಯ ಉದ್ದವೆಷ್ಟು, ಯಾವ ಕಚ್ಚಾವಸ್ತುವಿನಿಂದ ತಯಾರಾಗಿದೆ ಎಂದು ಲಿಖಿತ ಉತ್ತರ ಕೇಳಿರಿ. ಉತ್ತರ ಬಂದರೆ ಅದನ್ನು ಸಲಹೆಯ ಜೊತೆ ಲಗತ್ತಿಸಬಹುದು. ಬಾರದಿದ್ದರೆ ‘ನಾವು ಕೇಳಿದೆವು, ತಿಳಿಸಲಿಲ್ಲ; ಆದ್ದರಿಂದ ಡ್ರಮ್ಮಿನ ಚೀಟಿಯ ಮೇಲೆ ಸರಪಳಿಯ ಉದ್ದ ನಮೂದಿಸುವುದನ್ನು ಕಡ್ಡಾಯಗೊಳಿಸಿರಿ’ ಎಂಬುದೇ ತಮ್ಮ ಮೊದಲ ಸಲಹೆಯಾಗಲಿ. ಸಣ್ಣ ಬಳಕೆದಾರನೊಬ್ಬ ಈ ಮಾತು ಹೇಳಿದರೆ ಅದಕ್ಕಿರುವ ತೂಕ ಬೇರೆ.

ಎರಡನೆಯದು, ಈ ವಸ್ತು ತಮ್ಮಲ್ಲಿ ಮಾಡುವ ಕೆಲಸ. ಟ್ಯಾಪ್ ಸ್ಟೇನ್‌ಲೆಸ್ ಸ್ಟೀಲಿನೊಳಗೆ ತಿರುಗುವಾಗ ತುದಿಯಲ್ಲಿ ಹುಟ್ಟುವ ಬಿಸಿ ಮತ್ತು ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತದೆ. ಲೋಹದ ಸಿಪ್ಪೆ ಟ್ಯಾಪಿಗೆ ಬೆಸೆದುಕೊಂಡು ಟ್ಯಾಪ್ ಮುರಿಯುತ್ತದೆ. ಪ್ಯಾರಾಫಿನ್‌ನಲ್ಲಿರುವ ಕ್ಲೋರಿನ್ ಆ ಬಿಸಿಗೆ ಬಿಡುಗಡೆಯಾಗಿ ಲೋಹದೊಡನೆ ಕೂಡಿ ತೆಳುವಾದ ಕ್ಲೋರೈಡ್ ಪದರವೊಂದನ್ನು ಕಟ್ಟಿ ಬೆಸುಗೆಯನ್ನು ತಡೆಯುತ್ತದೆ. ಇದೇ ಕೆಲಸವನ್ನು ಗಂಧಕ ಬೆರೆತ ಕೊಬ್ಬು ಮತ್ತು ಎಸ್ಟರ್‌ಗಳು, ಫಾಸ್ಫೇಟ್ ಎಸ್ಟರ್‌ಗಳು, ಕ್ಯಾಲ್ಸಿಯಂ ಸಲ್ಫೊನೇಟ್‌ಗಳು ಬೇರೆ ಬೇರೆ ಮಟ್ಟಿಗೆ ಮಾಡುತ್ತವೆ. ಮೈಲ್ಡ್ ಸ್ಟೀಲಿನ ಸಾಧಾರಣ ಟರ್ನಿಂಗ್, ಡ್ರಿಲ್ಲಿಂಗ್‌ಗೆ ಕ್ಲೋರಿನ್ ಬೇಕೆಂದು ವಾದಿಸುವುದು ಕಷ್ಟ. ಬ್ರೋಚಿಂಗ್‌ನಂಥ ಬಿಗಿಯಾದ ಕೆಲಸದಲ್ಲಿ ಬದಲಿ ಎಣ್ಣೆ ಹೊಂದಿಸಲು ಸಮಯ ಬೇಕೆಂದು ವಾದಿಸುವುದು ನ್ಯಾಯ. ತಮ್ಮ ಅಚ್ಚಿನ ಪತ್ರ ಇವೆರಡನ್ನೂ ಒಂದೇ ಮೂಟೆಗೆ ಕಟ್ಟಿ ‘ಉದ್ಯಮವೇ ನಾಶವಾಗುತ್ತದೆ’ ಎನ್ನುತ್ತಿರಬೇಕು. ಮೂಟೆ ಬಿಚ್ಚಿರಿ. ತಿಂಗಳಿಗೆ ಎಷ್ಟು ಲೀಟರ್, ಯಾವ ಯಂತ್ರದಲ್ಲಿ, ಯಾವ ಲೋಹಕ್ಕೆ. ಕ್ಲೋರಿನ್ ಇಲ್ಲದ ಎಣ್ಣೆಯನ್ನು ಯಾವಾಗ ಪ್ರಯತ್ನಿಸಿದಿರಿ, ಆಗ ಒಂದು ಟ್ಯಾಪ್ ಎಷ್ಟು ತೂತುಗಳಿಗೆ ಬಾಳಿತು, ಮೊದಲು ಎಷ್ಟಕ್ಕೆ ಬಾಳುತ್ತಿತ್ತು. ಖರ್ಚು ಎಷ್ಟು ಹೆಚ್ಚಿತು. ಬದಲಾಯಿಸಲು ಎಷ್ಟು ತಿಂಗಳು ಬೇಕು. ಇನ್ನೂ ಪ್ರಯತ್ನಿಸಿಲ್ಲವಾದರೆ ಕರಡು ಬರುವ ಮೊದಲು ಒಂದು ಕ್ಯಾನ್ ತರಿಸಿ ಹದಿನೈದು ದಿನ ಓಡಿಸಿ ಲೆಕ್ಕ ಬರೆದಿಡಿರಿ. ಒಪ್ಪಂದದಲ್ಲಿ ವಿನಾಯಿತಿಗಳು ದೊರೆಯುವುದು ಇಂಥ ನಿರ್ದಿಷ್ಟ ಬಳಕೆಗಳಿಗೆ, ಅದೂ ಅವಧಿ ಹಾಕಿ. ಒಟ್ಟಾರೆ ವಿರೋಧಕ್ಕೆ ಅಲ್ಲಿ ಜಾಗವಿಲ್ಲ.

‘ಯಾರಿಗೂ ಏನೂ ಆಗಿಲ್ಲ’ ಎಂಬ ಮಾತನ್ನು ಮಾತ್ರ ತಾವು ಬರೆಯದಿರುವುದು ಒಳ್ಳೆಯದು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಈ ವಸ್ತುವಿನ ಮೇಲಿರುವ ದೂರು ಕೈಗೆ ತಗುಲಿದ ಕೂಡಲೇ ಸುಡುತ್ತದೆ ಎಂಬುದಲ್ಲ. ಅದು ಬೇಗ ಒಡೆಯುವುದಿಲ್ಲ, ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ, ನೀರಿನ ಸಣ್ಣ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಪ್ರಯೋಗಾಲಯದ ಇಲಿಗಳಲ್ಲಿ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್‌ಗಳ ಮೇಲೆ ಪರಿಣಾಮ ಕಂಡಿದೆ. ಮಧ್ಯಮ ಸರಪಳಿಯದಕ್ಕೆ ಯುರೋಪಿನ ಕಾನೂನು ‘ಎದೆಹಾಲು ಕುಡಿಯುವ ಮಕ್ಕಳಿಗೆ ಹಾನಿಯಾಗಬಹುದು’ ಎಂಬ ಎಚ್ಚರಿಕೆಯನ್ನು ಅಂಟಿಸಿದೆ. ಹದಿನೆಂಟು ವರ್ಷ ತಮ್ಮ ಕೆಲಸಗಾರರು ಆರೋಗ್ಯವಾಗಿದ್ದಾರೆ ಎಂಬ ಸಂತೋಷದ ಸಂಗತಿ ಈ ದೂರಿಗೆ ಉತ್ತರವಾಗುವುದಿಲ್ಲ.

ಭೋಸರಿ ಒಂದು ಕಡೆ ಪವನಾ, ಇನ್ನೊಂದು ಕಡೆ ಇಂದ್ರಾಯಣಿ ನದಿಗಳ ನಡುವೆ ಇದೆ. ಎರಡರ ನೀರೂ ಕೊನೆಗೆ ಸೇರುವುದು ಭೀಮೆಯನ್ನು, ಮತ್ತು ಉಜನಿ ಜಲಾಶಯ ದಾಟಿ ಬರುವ ಅದೇ ಭೀಮೆ ತಮ್ಮ ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿದು ಅಫಜಲಪುರ, ಗಾಣಗಾಪುರದ ಕಡೆಗೆ ಹೋಗುತ್ತದೆ. ತಮ್ಮ ವರ್ಕ್‌ಶಾಪಿನ ಎಣ್ಣೆ ತಮ್ಮೂರಿನ ಬಾವಿಗೆ ಬಂದಿದೆ ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆ. ಈ ವಸ್ತು ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕೆಸರು ಮತ್ತು ಹೂಳಿಗೆ ಅಂಟಿ ಕೂರುವುದೇ ಅದರ ಸ್ವಭಾವ. ಆದರೂ ಸಲಹೆಯಲ್ಲಿ ಹಳೇ ಎಣ್ಣೆಯ ಬಗ್ಗೆ ಒಂದು ಪರಿಚ್ಛೇದ ಇರಲೇಬೇಕು. ಕ್ಲೋರಿನ್ ಇರುವ ಹಳೇ ಎಣ್ಣೆಯನ್ನು ಡಬ್ಬದ ಲೆಕ್ಕದಲ್ಲಿ ಕೊಂಡೊಯ್ಯುವವರು ಅದನ್ನು ಬೇರೆಡೆ ಉರುವಲಾಗಿ ಸುಡುತ್ತಾರೆ. ಸರಿಯಾದ ಉಷ್ಣತೆ ಇಲ್ಲದ ಕುಲುಮೆಯಲ್ಲಿ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನೂ ಡಯಾಕ್ಸಿನ್ ಎಂಬ ಕಡುವಿಷಗಳನ್ನೂ ಹುಟ್ಟಿಸುತ್ತದೆ. ಸಂಸ್ಕರಿಸಲು ಪುಣೆಯ ಹತ್ತಿರ ರಾಂಜಣಗಾಂವ್‌ನಲ್ಲಿ ಅಪಾಯಕಾರಿ ತ್ಯಾಜ್ಯದ ಘಟಕವಿದೆ, ಆದರೆ ತಿಂಗಳಿಗೆ ಅರ್ಧ ಡ್ರಮ್ ಮಾತ್ರ ಹೊರಹಾಕುವ ಚಿಕ್ಕ ಶೆಡ್ಡಿನವನಿಗೆ ಸಾಗಣೆಯ ಖರ್ಚೇ ಭಾರ. ನಿರ್ಬಂಧದ ಜೊತೆಗೆ ಸಣ್ಣ ಘಟಕಗಳ ಹಳೇ ಎಣ್ಣೆಯನ್ನು ಒಟ್ಟುಗೂಡಿಸುವ ವ್ಯವಸ್ಥೆ ಬೇಕೆಂದು ತಾವು ಕೇಳಿದರೆ, ದೊಡ್ಡ ಸಂಘಗಳು ಎಂದೂ ಕೇಳದ ಬೇಡಿಕೆಯೊಂದನ್ನು ಕಡತಕ್ಕೆ ಸೇರಿಸಿದಂತಾಗುತ್ತದೆ.

ಕೊನೆಗೆ ಒಂದು ಸಮಾಧಾನ. ಭಾರತ ಸ್ಟಾಕ್‌ಹೋಮ್ ಒಪ್ಪಂದವನ್ನು 2006ರಲ್ಲಿ ಅನುಮೋದಿಸುವಾಗ, ಪಟ್ಟಿಗೆ ಮುಂದೆ ಸೇರುವ ಪ್ರತಿಯೊಂದು ರಾಸಾಯನಿಕವೂ ತಾನು ಪ್ರತ್ಯೇಕವಾಗಿ ಅನುಮೋದಿಸಿದ ಮೇಲಷ್ಟೇ ತನಗೆ ಅನ್ವಯಿಸುತ್ತದೆ ಎಂದು ಹೇಳಿಕೊಂಡಿದೆ. ಜಿನೀವಾದಲ್ಲಿ ಸೇರಿದ್ದು ಮಾರನೆಯ ದಿನವೇ ಭೋಸರಿಗೆ ಬರುವುದಿಲ್ಲ. 2018ರ ಮಾರ್ಚಿನಲ್ಲಿ ಏಳು ರಾಸಾಯನಿಕಗಳನ್ನು ನಿಷೇಧಿಸುವ ನಿಯಮಗಳು ದೇಶದಲ್ಲಿ ಜಾರಿಯಾದವು. ಅವುಗಳ ಅಂತರರಾಷ್ಟ್ರೀಯ ಅನುಮೋದನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರಿನಲ್ಲಿ. ಟ್ಯಾಪುಗಳ ಲೆಕ್ಕ ಬರೆದಿಡಲು ತಮಗೆ ಸಮಯವಿದೆ.

ಪ್ರಶ್ನೆ: ಡೊಂಬಿವಲಿಯ ಎಂಐಡಿಸಿ ಪಕ್ಕದಲ್ಲಿ ನಮ್ಮ ಮನೆ. ನಮ್ಮ ತವರು ಬೆಳ್ತಂಗಡಿಯ ಕಡೆ. ಕಾರ್ಖಾನೆ ವಿಸ್ತರಣೆಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗೂ ನೀವು ಬರೆಯುವ ಈ ‘ಆಕ್ಷೇಪಣೆ ಮತ್ತು ಸಲಹೆ’ಗೂ ಏನು ವ್ಯತ್ಯಾಸ? ರಾಸಾಯನಿಕವನ್ನು ಮಾರದ, ಬಳಸದ ಗೃಹಿಣಿಯೊಬ್ಬಳು ಬರೆಯುವುದಕ್ಕೆ ಏನಿರುತ್ತದೆ?

ಉತ್ತರ: ಅಹವಾಲು ಸಭೆ ನಡೆಯುವುದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ, ಒಂದು ನಿರ್ದಿಷ್ಟ ಯೋಜನೆಗೆ, ಆ ಜಾಗದ ಹತ್ತಿರ, ಮಾಲಿನ್ಯ ನಿಯಂತ್ರಣ ಮಂಡಳಿಯ ಏರ್ಪಾಡಿನಲ್ಲಿ. ರಾಸಾಯನಿಕದ ನಿರ್ಬಂಧಕ್ಕೆ ಸಭೆ ಇರುವುದಿಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರ ತನ್ನ ಉದ್ದೇಶವನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ಸಾರ್ವಜನಿಕ ಹಿತದ ಕಾರಣ ಕೊಟ್ಟು ಈ ಹಂತವನ್ನೇ ಕೈಬಿಡುವ ಅಧಿಕಾರವೂ ಸರ್ಕಾರಕ್ಕಿದೆ ಎಂಬುದು ಅಷ್ಟೇ ನಿಜ.

ಬಳಸದವರು ಯಾರೂ ಇಲ್ಲ ಎಂಬುದೇ ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಮೇಲೆ ಹೇಳಿದ ಪ್ಯಾರಾಫಿನ್ ಪಿವಿಸಿಯನ್ನು ಮೆದುವಾಗಿಸಲು, ಬೆಂಕಿ ಹತ್ತದಂತೆ ಮಾಡಲು ವಿದ್ಯುತ್ ತಂತಿಯ ಹೊದಿಕೆಗೆ, ರೆಗ್ಜಿನ್‌ಗೆ, ಸೀಲಂಟ್‌ಗೆ, ಬಣ್ಣಕ್ಕೆ, ಚರ್ಮ ಹದ ಮಾಡುವ ಎಣ್ಣೆಗೆ ಸೇರುತ್ತದೆ. ಅಡುಗೆಮನೆಯ ಹ್ಯಾಂಡ್ ಬ್ಲೆಂಡರ್‌ಗಳಿಂದ ಇದು ಆಹಾರಕ್ಕೆ ಸೋರುವುದನ್ನು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಕರಡು ನಿಯಮಗಳಲ್ಲಿ ಸಾಮಾನ್ಯವಾಗಿ ತಯಾರಿಕೆ, ಆಮದು, ಬಳಕೆ ಎಂಬ ಮೂರು ಶಬ್ದಗಳಿರುತ್ತವೆ. ಆ ಮೂರೂ ಡ್ರಮ್ಮಿನಲ್ಲಿರುವ ವಸ್ತುವಿಗೆ ಮಾತ್ರವೋ, ಅದು ಅಡಗಿರುವ ಸಿದ್ಧ ಸಾಮಾನುಗಳಿಗೂ ಅನ್ವಯಿಸುತ್ತವೆಯೋ ಎಂಬುದನ್ನು ತಾವು ಗಮನವಿಟ್ಟು ಓದಬೇಕು. ಭೋಸರಿಯ ಚಿಕ್ಕ ವರ್ಕ್‌ಶಾಪನ್ನು ಬಿಗಿದು, ಹೊರಗಿನಿಂದ ಬರುವ ಆಟಿಕೆ ಮತ್ತು ಎಕ್ಸ್‌ಟೆನ್ಷನ್ ವೈರುಗಳನ್ನು ಬಿಟ್ಟುಬಿಡುವ ನಿಯಮ ಅರ್ಧ ನಿಯಮ. ಕೊಳ್ಳುವವಳಾಗಿ ಈ ಪ್ರಶ್ನೆ ಕೇಳುವ ಹಕ್ಕು ಮತ್ತು ಅರ್ಹತೆ ಎರಡೂ ತಮಗಿವೆ.

ಬೆಳ್ತಂಗಡಿಯ ಕಡೆಯವರಿಗೆ ಇದನ್ನು ನಾನು ಹೇಳಬೇಕಾದುದೇ ಇಲ್ಲ. ಕೊಕ್ಕಡ, ಪಟ್ರಮೆಯ ಆಸುಪಾಸಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಅನ್ನು ಆಕಾಶದಿಂದ ಸಿಂಪಡಿಸಿದ ವರ್ಷಗಳಲ್ಲಿ ಆ ಊರಿನವರಾರೂ ರಸಾಯನಶಾಸ್ತ್ರ ಬಲ್ಲವರಾಗಿರಲಿಲ್ಲ. ಮನೆಯ ಮಗುವಿನ ಸ್ಥಿತಿ ಏನು, ತೋಟ ಎಷ್ಟು ಹತ್ತಿರ, ಬಾವಿ ಎಲ್ಲಿದೆ ಎಂಬುದನ್ನಷ್ಟೇ ಅವರು ಹೇಳಿಕೊಂಡು ಬಂದರು. 2011ರ ಏಪ್ರಿಲ್ ಕೊನೆಯಲ್ಲಿ, ಅದುವರೆಗೆ ವಿರೋಧಿಸುತ್ತಲೇ ಬಂದಿದ್ದ ಭಾರತ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಆ ಕೀಟನಾಶಕವನ್ನು ಒಪ್ಪಂದದ ಪಟ್ಟಿಗೆ ಸೇರಿಸಲು ಒಪ್ಪಿತು. ಎರಡು ವಾರ ಕಳೆಯುತ್ತಲೇ, ಮೇ 13ರಂದು, ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದ ಮೂಲಕ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ನಿಲ್ಲಿಸಿತು.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ. ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಕಷ್ಟ. ಕನ್ನಡದಲ್ಲಿ ಆಕ್ಷೇಪಣೆ ಬರೆದರೆ ದೆಹಲಿಯಲ್ಲಿ ಓದುತ್ತಾರೆಯೇ? 60 ದಿನ ಎಂದಿನಿಂದ ಎಣಿಸಬೇಕು?

ಉತ್ತರ: ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಪರಿಸರ ಪರಿಣಾಮ ಅಂದಾಜಿನ 2020ರ ಕರಡು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಬಂದಾಗ, ಅದನ್ನು ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಆದೇಶಿಸಿ, ಸಲಹೆ ಸಲ್ಲಿಸುವ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಹಕ್ಕಿನ ಮಾತು ಇದು. ಕೆಲಸ ಆಗಬೇಕಾದರೆ ಪೂರ್ಣ ಪತ್ರವನ್ನು ಕನ್ನಡದಲ್ಲಿ ಬರೆದು, ಮೇಲ್ಗಡೆ ನಾಲ್ಕು ಸಾಲಿನ ಇಂಗ್ಲಿಷ್ ಸಾರಾಂಶವನ್ನು ಮಗನಿಂದಲೋ ನೆರೆಯವರಿಂದಲೋ ಬರೆಸಿ ಅಂಟಿಸಿರಿ. ಕರಡಿನ ಅಧಿಸೂಚನೆ ಸಂಖ್ಯೆ, ದಿನಾಂಕ ಮತ್ತು ತಾವು ಆಕ್ಷೇಪಿಸುವ ನಿಯಮದ ಸಂಖ್ಯೆಯನ್ನು ಬರೆಯುವುದನ್ನು ಮರೆಯಬೇಡಿರಿ. ದಿನಗಳ ಎಣಿಕೆ ಕರಡಿನ ಮೊದಲ ಪುಟದಲ್ಲಿಯೇ ಇರುತ್ತದೆ. ರಾಜ್ಯಪತ್ರದ ಪ್ರತಿಗಳು ಸಾರ್ವಜನಿಕರಿಗೆ ದೊರೆತ ದಿನದಿಂದ ಎಂದು ಬರೆಯುವುದು ರೂಢಿ. ಆದರೂ ಅಚ್ಚಾದ ದಿನದಿಂದಲೇ ಎಣಿಸಿಕೊಂಡು ಒಂದು ವಾರ ಮೊದಲೇ ಸ್ಪೀಡ್ ಪೋಸ್ಟ್‌ನಲ್ಲಿಯೂ ಇಮೇಲ್‌ನಲ್ಲಿಯೂ ಕಳುಹಿಸಿರಿ, ರಸೀದಿ ಇಟ್ಟುಕೊಳ್ಳಿರಿ.

ಪ್ರಶ್ನೆ: ಮುಂಬೈಯ ಚೆಂಬೂರಿನಲ್ಲಿ ನೆಲೆಸಿರುವ ನಿವೃತ್ತ ಎಲೆಕ್ಟ್ರಿಕಲ್ ಮೇಲ್ವಿಚಾರಕ ನಾನು. ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಪಿಸಿಬಿ ಎಣ್ಣೆಗೆ ಗಡುವು ಹಾಕಿದ್ದರಲ್ಲ, ಅದರ ಗತಿ ಏನು? ಗಡುವು ಕಾಗದದಲ್ಲೇ ಉಳಿಯುವುದಾದರೆ ಸಲಹೆ ಬರೆದು ಏನು ಫಲ?

ಉತ್ತರ: ಪಿಸಿಬಿ, ಅಂದರೆ ಪಾಲಿಕ್ಲೋರಿನೇಟೆಡ್ ಬೈಫೀನೈಲ್‌ಗಳನ್ನು ಕುರಿತ 2016ರ ಏಪ್ರಿಲ್ ಆದೇಶ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿ, ಬಳಕೆಯನ್ನು 2025ರ ಡಿಸೆಂಬರ್ 31ರೊಳಗೆ ಪೂರ್ತಿ ನಿಲ್ಲಿಸಬೇಕೆಂದಿತು. ಒಪ್ಪಂದವೂ ಬಳಕೆಗೆ 2025, ತ್ಯಾಜ್ಯದ ವಿಲೇವಾರಿಗೆ 2028 ಎಂಬ ವರ್ಷಗಳನ್ನು ಹಾಕಿದೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಪಾಲುದಾರನಾಗಿತ್ತು. ಇಂಥ ಗಡುವು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ, ಎಣಿಕೆಯಲ್ಲಿ. ಯಾವ ಯಾರ್ಡಿನಲ್ಲಿ ಎಷ್ಟು ಟ್ರಾನ್ಸ್‌ಫಾರ್ಮರ್ ಇವೆ, ಯಾವುದರ ಎಣ್ಣೆ ಪರೀಕ್ಷೆಯಾಗಿದೆ ಎಂಬ ಪಟ್ಟಿ ಇಲ್ಲದೆ ನಿಷೇಧಿಸಿದರೆ, ಗುಜರಿಗೆ ಹೋದ ಟ್ರಾನ್ಸ್‌ಫಾರ್ಮರಿನ ಎಣ್ಣೆ ಸದ್ದಿಲ್ಲದೆ ಇನ್ನೊಂದರ ಹೊಟ್ಟೆಗೆ ಸೇರುತ್ತದೆ. ಒಂದೇ ಪಂಪಿನಿಂದ ಎರಡು ಟ್ಯಾಂಕಿಗೆ ಎಣ್ಣೆ ತುಂಬಿದರೆ ಶುದ್ಧವಾಗಿದ್ದ ಖನಿಜ ತೈಲವೂ ಕಲುಷಿತವಾಗುವುದನ್ನು ತಾವು ನೌಕರಿಯಲ್ಲಿ ಕಂಡಿರಬಹುದು.

ಸಲಹೆಯಿಂದ ಏನು ಫಲ ಎಂಬ ತಮ್ಮ ಬೇಸರ ನನಗೂ ಅಪರಿಚಿತವಲ್ಲ. ಆದರೂ ಭೋಸರಿಯವರು ಟ್ಯಾಪಿನ ಲೆಕ್ಕ ಬರೆಯುವಂತೆ ತಾವು ಟ್ರಾನ್ಸ್‌ಫಾರ್ಮರಿನ ಅನುಭವ ಬರೆಯಬಲ್ಲಿರಿ: ನಾಮಫಲಕದಲ್ಲಿ ಎಣ್ಣೆಯ ಜಾತಿ ಎಲ್ಲಿ ನಮೂದಾಗಿರುತ್ತದೆ, ಎಲ್ಲಿ ಕಿತ್ತುಹೋಗಿರುತ್ತದೆ, ದುರಸ್ತಿಗೆ ಹೋದಾಗ ಎಣ್ಣೆ ಯಾರ ವಶದಲ್ಲಿರುತ್ತದೆ. ಹೊಸ ರಾಸಾಯನಿಕದ ಕರಡು ಬಂದಾಗ ‘ನಿಷೇಧದ ದಿನಾಂಕಕ್ಕಿಂತ ಮೊದಲು ದಾಸ್ತಾನಿನ ನೋಂದಣಿಯ ದಿನಾಂಕ ಹಾಕಿರಿ’ ಎಂದು ಅನುಭವಸ್ಥರು ಬರೆದರೆ ಅದು ಎಲ್ಲ ಇಂಥ ವಸ್ತುಗಳಿಗೂ ಹೊಂದುವ ಸಲಹೆ. ತಮ್ಮ ಸೊಸೈಟಿಯ ಆವರಣದಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಇನ್ನೂ ಇದ್ದರೆ, ಶುದ್ಧ ಪಿಸಿಬಿ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ, ಖನಿಜ ತೈಲ ತೇಲುತ್ತದೆ ಎಂಬ ಹಳೆಯ ಪರೀಕ್ಷೆಯನ್ನು ಮಾಡಿ ನಿರಾಳರಾಗಬೇಡಿರಿ. ತೇಲುವ ಎಣ್ಣೆಯಲ್ಲಿಯೂ ಬೆರಕೆಯ ಪಿಸಿಬಿ ಇರಬಹುದು, ಅದು ಪ್ರಯೋಗಾಲಯದಲ್ಲಿ ಮಾತ್ರ ತಿಳಿಯುತ್ತದೆ. ವರದಿ ಕೈಸೇರುವ ತನಕ ಗುಜರಿಯವನಿಗೆ ಗೇಟು ತೆರೆಯಬೇಡಿರಿ.